ತಡವಾಗಿ ಮೂಡಿದ ಗೆರೆ

ನಮ್ಮ ಮನೆಯವರ ಕೈ ನಡುಗುವುದು ನನಗೆ ಮೊದಲು ಕಂಡದ್ದು ಅವರು ಸೂಜಿಗೆ ದಾರ ಪೋಣಿಸುವಾಗ. ಜೇವರ್ಗಿಯಲ್ಲಿ ಅವರದು ಟೇಲರ್ ಅಂಗಡಿ. ಇನ್ಸುಲಿನ್ ಆಗಲೇ ಶುರುವಾಗಿತ್ತು. ಶುಗರ್ ಇದ್ದಕ್ಕಿದ್ದಂತೆ ಕುಸಿಯುತ್ತಿದೆ ಎಂದು ಡಾಕ್ಟರ್ ತೋಳಿಗೆ ಒಂದು ಸೆನ್ಸರ್ ಅಂಟಿಸಿದರು. ಕೋಟಿನ ಗುಂಡಿಯಷ್ಟಿತ್ತು. ಅದು ಅವರ ಮೊಬೈಲಿಗೆ ಶುಗರ್ ಕಳಿಸುತ್ತದೆ, ಅವರ ಮೊಬೈಲು ನನ್ನದಕ್ಕೆ. ಪರದೆಯ ಮೇಲೆ ಒಂದು ಗೆರೆ ಏರುತ್ತ ಇಳಿಯುತ್ತ ಸಾಗುತ್ತದೆ. ತೀರಾ ಇಳಿದರೆ ಎರಡೂ ಕಡೆ ಅಲಾರಾಂ.

ರಮಜಾನ್ ಬಂತು. ರೋಜಾ ಉಪವಾಸ ಬೇಡವೆಂದರು ಡಾಕ್ಟರ್. ಇವರು ಕೇಳುವ ಆಸಾಮಿಯೇ?

"ತೋಳಾಗ ಇದು ಅದಲ್ರಿ ಡಾಕ್ಟರ್. ಅಲಾರಾಂ ಹೊಡೀತಂದ್ರ ರೋಜಾ ಮುರೀತೇನಿ."

ಡಾಕ್ಟರ್ ನನ್ನ ಕಡೆ ನೋಡಿದರು. "ನೀವು ನಿಗಾ ಇಡಬೇಕ್ರಿ ಅಮ್ಮಾ."

ಇಟ್ಟೆ. ಹಿಟ್ಟು ನಾದುವಾಗಲೂ ಮೊಬೈಲ್ ಕಣ್ಣ ಮುಂದೆಯೇ. ನಮಾಜಿನ ಹೊತ್ತಿಗೆ ಮಾತ್ರ ಗೆರೆ ನಿಲ್ಲುತ್ತಿತ್ತು. ಮಸೀದಿಗೆ ಕಾಲಿಡುವಾಗ ಎಲ್ಲರಂತೆ ಅವರೂ ಮೊಬೈಲ್ ಬಂದ್ ಮಾಡುತ್ತಿದ್ದರು. ಆ ಖಾಲಿ ಜಾಗ ಕಂಡರೆ ನನಗೆ ನೆಮ್ಮದಿಯೇ ಆಗುತ್ತಿತ್ತು. ಅಲ್ಲಾಹನ ಮುಂದಿದ್ದಾರೆ, ಇನ್ನೇನು ಭಯ?

ಅಂದು ಸಂಜೆಯ ಅಸರ್ ನಮಾಜಿಗೆ ಗೆರೆ ನಿಂತಿತು. ಮರಳಿ ಶುರುವಾಗಲಿಲ್ಲ. ಕುರಾನ್ ಓದುತ್ತ ಕೂತಿರಬಹುದು ಎಂದುಕೊಂಡೆ. ರಮಜಾನಿನಲ್ಲಿ ಇಫ್ತಾರಿನ ತನಕ ಅಲ್ಲೇ ಉಳಿಯುವುದು ಅವರ ರೂಢಿ.

ಉಪವಾಸ ಬಿಡುವ ಅಜಾನ್ ಆಯಿತು. ಪಕ್ಕದ ಮನೆಯ ಮೆಹಬೂಬ್ ಚಾಚಾ ಓಡಿ ಬಂದರು, ಬರಿಗಾಲಲ್ಲಿ.

"ಜಲ್ದಿ ಬಾ ಬೇಟಿ. ನಿನ್ನ ಗಂಡನ್ನ ದವಾಖಾನಿಗೆ ಒಯ್ದಾರ. ಮಸೀದ್ಯಾಗ ಕಂಬಕ್ಕ ಒರಗಿ ಮಕ್ಕೊಂಡಿದ್ದ. ರೋಜಾದಾಗ ಅದಾನ, ಮಕ್ಕೊಳ್ಳಿ ಅಂತ ಯಾರೂ ಎಬ್ಬಿಸಲಿಲ್ಲ. ಖಜೂರ ಕೊಡಾಕ ಹೋದ್ರ ಏಳವಲ್ಲ."

ಕ್ಯಾಜುವಾಲ್ಟಿಯಲ್ಲಿ ಗ್ಲೂಕೋಸ್ ಏರಿಸುತ್ತಿದ್ದರು. ಕೈ ಹಿಡಿದೆ. ತಣ್ಣಗಿತ್ತು, ಒದ್ದೆಯಾಗಿತ್ತು.

"ಎಷ್ಟೊತ್ತಿನಿಂದ ಹಿಂಗ ಅದಾರ್ರಿ?" ಡಾಕ್ಟರ್ ಕೇಳಿದರು.

ನನಗೆ ಗೊತ್ತಿರಲಿಲ್ಲ. ಅವರ ಜೇಬಿನಿಂದ ಮೊಬೈಲ್ ತೆಗೆದು ಚಾಲೂ ಮಾಡಿದೆ.

ಖಾಲಿ ಜಾಗ ತುಂಬಿಕೊಂಡಿತು.

ಮೊಬೈಲ್ ಬಂದ್ ಇದ್ದಾಗಲೂ ಸೆನ್ಸರ್ ಎಲ್ಲವನ್ನೂ ತನ್ನೊಳಗೆ ಇಟ್ಟುಕೊಂಡಿತ್ತು. ಈಗ ಗೆರೆ ನನ್ನ ಕಣ್ಣೆದುರೇ ಮೂಡಿತು. ನಮಾಜಿನ ಹೊತ್ತಿಗೆ ಬಾಗಿ, ಇಳಿದು, ಇಳಿದು, ತಳದಲ್ಲಿ ಉದ್ದಕ್ಕೆ ಮಲಗಿತ್ತು. ಇಲ್ಲಿ ನಾನು ಉಳ್ಳಾಗಡ್ಡಿ ಹೆಚ್ಚುತ್ತಿದ್ದೆ. ಇಲ್ಲಿ ಭಜಿಗೆ ಎಣ್ಣೆ ಇಟ್ಟೆ. ಇಲ್ಲಿ, ರುಚಿ ನೋಡುವಂತಿಲ್ಲವಲ್ಲ, ಉಪ್ಪು ಹೆಚ್ಚಾಯಿತೇನೋ ಎಂದು ಪೇಚಾಡುತ್ತಿದ್ದೆ. ಅಲಾರಾಂ ಹೊಡೆದದ್ದು ಮಾತ್ರ ಈಗ, ಎರಡೂ ಮೊಬೈಲಿನಲ್ಲಿ.

ತುಸು ಹೊತ್ತಿಗೆ ಅವರು ಕಣ್ಣು ಬಿಟ್ಟರು. "ಅಜಾನ್ ಆಯ್ತೇನ?"

"ಆಯ್ತ್ರಿ," ಎಂದೆ. ಆಮೇಲೆ ಅಳು ತಡೆಯಲಾಗಲಿಲ್ಲ.

ಮನೆಗೆ ಬಂದೆವು. ಆ ಗೆರೆಯೂ ನಮ್ಮ ಜೊತೆಗೇ ಬಂತು. ಕಣ್ಣು ಮುಚ್ಚಿದರೆ ತಳದಲ್ಲಿ ಮಲಗಿರುತ್ತದೆ. ಕುಕ್ಕರ್ ಕೂಗಿದರೂ ಕೈ ಮೊಬೈಲಿಗೆ ಹೋಗುತ್ತದೆ. ಅವರು ಮಧ್ಯಾಹ್ನ ಕಣ್ಣು ಮುಚ್ಚಿದರೆ ಸಾಕು, ಅಲುಗಾಡಿಸಿ ಎಬ್ಬಿಸುತ್ತೇನೆ.

"ಏನ್ ಬೇ, ಮಕ್ಕೊಳಾಕೂ ಬಿಡಂಗಿಲ್ಲೇನ?"

ಬೈಸಿಕೊಂಡ ಮೇಲೆಯೇ ನನಗೆ ಉಸಿರು ಬರುವುದು.

ರೋಜಾ ಬಿಟ್ಟರು, ನಮಾಜು ಬಿಡಲಿಲ್ಲ. ಮುಂದಿನ ಶುಕ್ರವಾರ ಜುಮ್ಮಾ ನಮಾಜಿಗೆ ಇಮಾಮ್ ಸಾಹೇಬರು ಎಲ್ಲರ ಎದುರಿಗೇ ಹೇಳಿದರಂತೆ: "ಎಲ್ಲಾರೂ ಮೊಬೈಲ್ ಬಂದ್ ಮಾಡ್ರಿ. ಟೇಲರ್ ಸಾಹೇಬ್ರ, ನೀವು ಮಾಡಬ್ಯಾಡ್ರಿ."

ಮೊನ್ನೆ ನಮಾಜಿನ ಸಾಲಿನ ನಡುವೆಯೇ ಅಲಾರಾಂ ಹೊಡೆಯಿತು. ಅಡುಗೆಮನೆಯಲ್ಲಿ ನನ್ನದೂ ಹೊಡೆಯಿತು. ಹೆಣ್ಣುಮಗಳು ನಾನು ಮಸೀದಿಗೆ ನುಗ್ಗಲೇ ಎಂದು ಮನೆಯ ಹೊಸ್ತಿಲಲ್ಲಿ ನಿಂತಿದ್ದೆ. ಅಲ್ಲಿ ಚಾಚಾ ತಮ್ಮ ನಮಾಜು ಮುರಿದು, ಜೇಬಿನಿಂದ ಖಜೂರ ತೆಗೆದು ಇವರ ಬಾಯಿಗಿಟ್ಟರಂತೆ.

ನನಗೆ ಕಂಡದ್ದು ಗೆರೆ ಮಾತ್ರ. ಮೆಲ್ಲಗೆ ಮೇಲೇರಿತು. ಅಲ್ಲಾಹನಿಗೂ ಚಾಚಾಗೂ ಶುಕ್ರಿಯಾ ಹೇಳಬೇಕೆನಿಸಿತು. ಮೊಬೈಲ್ ಕೆಳಗಿಡುವ ಧೈರ್ಯ ಮಾತ್ರ ಬರಲಿಲ್ಲ.