ನೇರಳೆ ದೀಪದಡಿಯ ಅರಿಶಿನ

ಮಾಲೂರಿನ ನಮ್ಮ ಕಾರ್ಖಾನೆಯಲ್ಲಿ ಸರ್ಕ್ಯೂಟ್ ಬೋರ್ಡುಗಳಿಗೆ ತೇವ, ದೂಳು ತಾಗದಂತೆ ತೆಳ್ಳಗಿನ ಲೇಪ ಬಳಿಯುತ್ತೇವೆ. ಕೋಟಿಂಗ್ ಎನ್ನುತ್ತೇವೆ ಅದನ್ನು. ಬರಿಗಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ನೇರಳೆ ದೀಪದಡಿ ಹಿಡಿದರೆ ಬೋರ್ಡೆಲ್ಲ ನೀಲಿಯಾಗಿ ಹೊಳೆಯುತ್ತದೆ. ಲೇಪ ಹಿಡಿಯದ ಕಡೆ ಕಪ್ಪು. ಆ ದೀಪದ ಮುಂದೆ ಕೂತು ತಪ್ಪು ಹುಡುಕುವುದೇ ನನ್ನ ಕೆಲಸ. ಹುಟ್ಟುಗುಣಕ್ಕೆ ಸಂಬಳ ಬೇರೆ ಕೊಡುತ್ತಾರೆ ಎಂದು ಮನೆಯವರು ಆಡಿಕೊಳ್ಳುವುದುಂಟು.

ಬೈರಕೂರಿನ ಕಡೆಯ ಅಕ್ಕ ಒಬ್ಬರು ಪಕ್ಕದ ಮೇಜಿನಲ್ಲಿ ಕುಂಚದಿಂದ ಲೇಪ ಬಳಿಯುತ್ತಿದ್ದರು. ಅವರ ಗಂಡನಿಗೆ ಕಿಡ್ನಿ ಕೆಟ್ಟು ಕೋಲಾರದಲ್ಲಿ ಡಯಾಲಿಸಿಸ್ ನಡೆಯುತ್ತಿತ್ತು. ಅಕ್ಕ ದಿನಾ ಬೆಳಿಗ್ಗೆ ತಾಳಿಯ ದಾರಕ್ಕೆ ಅರಿಶಿನ ಹಚ್ಚಿ ಬರುತ್ತಿದ್ದರು. ದಾರದ ಹಳದಿ ಮಾಸದಿದ್ದರೆ ಗಂಡನ ಆಯಸ್ಸು ಗಟ್ಟಿ ಎನ್ನುವುದು ಅವರ ನಂಬಿಕೆ. ಕೆಲಸದ ನಡುವೆ ಗಂಡನ ನೆನಪಾದಾಗೆಲ್ಲ ಗ್ಲೌಸ್ ಹಾಕಿದ ಕೈಯಲ್ಲೇ ತಾಳಿ ಹಿಡಿದು ಕಣ್ಣಿಗೊತ್ತಿಕೊಳ್ಳುತ್ತಿದ್ದರು.

ಒಂದು ಶುಕ್ರವಾರ ಅವರ ಬೋರ್ಡಿನ ಮೇಲೆ ಹಳದಿ ಬೆರಳಚ್ಚು ಹೊಳೆಯಿತು. ಅರಿಶಿನವೂ ಆ ದೀಪಕ್ಕೆ ಮಿನುಗುತ್ತದೆ ಎಂದು ನನಗೆ ಗೊತ್ತಾದದ್ದೇ ಅಂದು. ಅದರ ಸುತ್ತ ಲೇಪ ಹಿಡಿದಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಸೂಪರ್‌ವೈಸರ್ ನೋಡಿಬಿಟ್ಟರು. ಇನ್ನೊಂದು ಸಲ ಹೀಗಾದರೆ ಕೆಲಸ ಇಲ್ಲ ಎಂದರು. ಮರುದಿನದಿಂದ ಎಲ್ಲರೂ ನನ್ನ ದೀಪಕ್ಕೆ ಕೈ, ಕತ್ತು ತೋರಿಸಿಯೇ ಒಳಗೆ ಹೋಗಬೇಕೆಂದಾಯಿತು.

“ಅಕ್ಕ, ರಜದ ದಿನ ಮಾತ್ರ ಅರಿಶಿನ ಹಚ್ಕೊಳ್ಳಿ,” ಎಂದೆ.

“ಬಿಟ್ಟು ಆಯಪ್ಪಂಗೆ ಏನಾದ್ರೂ ಆದ್ರೆ ಏನೇ ಮಾಡ್ಲಿ?”

“ಈ ಕೆಲಸ ಹೋದ್ರೆ ಆಸ್ಪತ್ರೆಗೆ ಏನ್ ಮಾಡ್ತೀರಾ?”

ಮಾರನೆಯ ಬೆಳಿಗ್ಗೆ ಅಕ್ಕನ ದಾರ ತೊಳೆದು ತೊಳೆದು ಬೆಳ್ಳಗಾಗಿತ್ತು. ತಾಳಿಯ ದಾರ ಬೆಳ್ಳಗಿದ್ದುದನ್ನು ನಾನು ಅದುವರೆಗೆ ನೋಡಿರಲಿಲ್ಲ. ಆದರೂ ಒಳಗೆ ಹೋಗಿ ಎಂದು ಕೈ ತೋರಿಸಿದೆ.

ಮಾವಿನಕಾಯಿ ಇಳಿಸುವ ಕಾಲಕ್ಕೆ ಅವರ ಗಂಡ ತೀರಿಕೊಂಡರು. ರೋಗ ಕೈಮೀರಿದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆದರೂ ಊರಿನ ಹೆಂಗಸರು ಹೆಣದ ಮುಂದೆಯೇ ಬಿಳಿ ದಾರದ ಮಾತೆತ್ತಿದರು. ನಾಲಿಗೆಗೆ ಎಲುಬಿಲ್ಲ, ನಿಜ, ಕಣ್ಣಾದರೂ ಇರಬೇಡವೇ? ಅವರ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಕರ್ಮ ಮುಗಿಸಿ ಅಕ್ಕ ಕೆಲಸಕ್ಕೆ ಬಂದರು. ನಾನು ದೀಪ ಹಾಕಲಿಲ್ಲ. “ಒಳಗ್ ಹೋಗಿ ಅಕ್ಕ,” ಎಂದೆ. ಅವರು ಕದಲಲಿಲ್ಲ. ಸೆರಗು ಸರಿಸಿ ಬರಿಗತ್ತು ಮುಂದೆ ಮಾಡಿದರು.

“ಹಾಕಿ ನೋಡೇ. ಇನ್ಮೇಲೆ ನನ್ನಿಂದ ಒಂದು ಬೋರ್ಡೂ ಕೆಡಲ್ಲ.”