ಏಣಿ ಹಿಡಿದವಳು

ಇದನ್ನು ಬರೆಯಬೇಕೆಂದು ಕೂತು ಎದ್ದದ್ದು ಎಷ್ಟು ಸಲವೋ. ಮಳೆ ಕಳೆಯಲಿ ಅಂದುಕೊಂಡೆ, ಕೊಯ್ಲು ಮುಗಿಯಲಿ ಅಂದುಕೊಂಡೆ, ಕಣ್ಣಿನ ಪೊರೆ ತೆಗೆಸಿದ ಮೇಲೆ ನೋಡೋಣ ಎಂದೆ. ಈಗ ನೆಪಗಳೂ ಉಳಿದಿಲ್ಲ. ಮೊನ್ನೆ ಸೊಸೆ ಹತ್ತಿಗೆ ಲವಂಗದ ಎಣ್ಣೆ ಅದ್ದಿ ನನ್ನ ದವಡೆಯ ಮೂಲೆಗೆ ಇಟ್ಟಳು. ಆ ವಾಸನೆ ಮೂಗಿಗೆ ಹತ್ತಿದ್ದೇ ತಡ, ನಾನು ಮನೆಯಲ್ಲಿರಲಿಲ್ಲ. ಎಸ್ಟೇಟಿನ ಹಳೆಯ ಜೀಪಿನ ಮುಂದಿನ ಸೀಟಿನಲ್ಲಿದ್ದೆ. ಹಿಂದೆ ಒಬ್ಬಳು ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಅವನ ಬಾಯಿಗೆ ಇದೇ ಎಣ್ಣೆಯ ಹತ್ತಿ ಒತ್ತುತ್ತ ಕೂತಿದ್ದಳು...

ನನ್ನ ನೋವು ಹಲ್ಲಿನದೆಂದೇ ತಿಳಿದಿದ್ದೆ. ಮೂಡಿಗೆರೆಯ ಹಲ್ಲಿನ ಡಾಕ್ಟರ್ ಹುಡುಗಿ ಎಕ್ಸ್‌ರೇ ತೆಗೆದು ನೋಡಿ, "ಅಜ್ಜ, ಇದು ಬರೀ ಹಲ್ಲಲ್ಲ. ದವಡೆ ಮೂಳೆ ಒಳಗೆ ಗಂಟಾಗಿದೆ. ನನ್ನ ಕೈಲಿ ಆಗಲ್ಲ" ಎಂದಳು.

"ಹಾಗಾದ್ರೆ ಮೂಳೆ ಡಾಕ್ಟ್ರ ಹತ್ರ ಹೋಗ್ಬೇಕಾ?"

"ಅಲ್ಲಜ್ಜ. ಬಾಯಿ, ದವಡೆ ಆಪರೇಷನ್ ಮಾಡೋರೇ ಬೇರೆ ಇರ್ತಾರೆ. ಅವರೂ ಹಲ್ಲಿನ ಡಾಕ್ಟ್ರೇ. ಮಂಗಳೂರಿಗೆ ಹೋಗಿ."

ಈ ಮಾತನ್ನು ನಾನು ಹಿಂದೆಯೂ ಒಮ್ಮೆ ಕೇಳಿದ್ದೆ. ಆಗ ನಂಬಿರಲಿಲ್ಲ.

ಮನೆಯಲ್ಲಿ ಸೊಸೆ ಫೋನಿನಲ್ಲಿ ಹುಡುಕಿದಳು. "ಮುಖದ ಡಾಕ್ಟ್ರು ಅಂತ ಹಾಕಿದ್ರೆ ಮೊಡವೆ ಡಾಕ್ಟ್ರು ಬರ್ತಾರೆ, ದವಡೆ ಅಂತ ಹಾಕಿದ್ರೆ ಕಿವಿ ಡಾಕ್ಟ್ರು. ನಿಮ್ಮದೆಂತ ಕಾಯಿಲೆ ಮಾವ, ಯಾರ ಪಾಲಿಗೂ ಬರದ್ದು?" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಎಷ್ಟೋ ವರ್ಷದ ಹಿಂದೆ, ಆ ಜೀಪಿನ ಕಾಲದಲ್ಲಿ, ನಾನು ಕೊಟ್ಟಿಗೆಹಾರದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ. ಆಳುಗಳ ಹಾಜರಿ, ಕೆಲಸದ ಉಸ್ತುವಾರಿ ಎರಡೂ ನನ್ನದು. ಹೈಸ್ಕೂಲು ಓದಿದವನೆಂಬ ಜಂಬವೂ ಇತ್ತು. ಕಾಳುಮೆಣಸಿನ ಕೊಯ್ಲಿಗೆ ಒಬ್ಬ ಗಟ್ಟಿ ಆಳಿದ್ದ. ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರಕ್ಕೆ ಒಂಟಿ ಬಿದಿರಿನ ಏಣಿ ಒರಗಿಸಿ ಅವನು ಹತ್ತಿದರೆ, ಕೆಳಗೆ ಅವನ ಹೆಂಡತಿ ಏಣಿಗೆ ಭುಜ ಕೊಟ್ಟು ನಿಲ್ಲುತ್ತಿದ್ದಳು. ಇಡೀ ತೋಟಕ್ಕೆ ಅವಳು ‘ಏಣಿ ಹಿಡಿಯುವವಳು’ ಎಂದೇ ಗೊತ್ತು.

"ಗಟ್ಟಿ ಹಿಡ್ಕೊಳೇ, ನಾ ಬಿದ್ರೆ ನಿಂಗೆ ಬೇರೆ ಗಂಡ ಸಿಕ್ಕುದಿಲ್ಲ" ಎಂದು ಅವನು ಮೇಲಿನಿಂದ ಕೂಗುತ್ತಿದ್ದ.

"ಸಿಕ್ಕದಿದ್ರೆ ಒಳ್ಳೇದೇ ಆಯ್ತು. ಮಾತು ಕಮ್ಮಿ ಮಾಡಿ ಕೊಯ್ಯಿ ಮಾರಾಯ!"

ಆ ಸಾಲಿನ ಹೆಂಗಸರೆಲ್ಲ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ತೋಟದಲ್ಲಿ ಒಂದು ಕಟ್ಟಳೆಯಿತ್ತು. ಕಣದಲ್ಲಿ ಕಾಫಿ ಒಣಗುವಾಗ ಮೋಡ ಕಟ್ಟಿದರೆ ರೈಟರ್ ಸೀಟಿ ಊದಬೇಕು. ಸೀಟಿ ಕೇಳಿದವರೆಲ್ಲ ಕೈಯ ಕೆಲಸ ಬಿಟ್ಟು ಓಡಿಬಂದು ಕಾಫಿ ರಾಶಿ ಮಾಡಿ ಟಾರ್ಪಾಲು ಮುಚ್ಚಬೇಕು. ಏಣಿ ಹಿಡಿದವರು ಮಾತ್ರ ಕದಲಬಾರದು. ಮೇಲಿನವನು ಇಳಿದು ನೆಲ ಮುಟ್ಟಿದ ಮೇಲೆಯೇ ಅವರು ಏಣಿ ಬಿಡಬೇಕು. ಇದು ಮಕ್ಕಳಿಗೂ ಗೊತ್ತಿದ್ದ ಮಾತು.

ಆ ದಿನ ಮಧ್ಯಾಹ್ನ ಚಾರ್ಮಾಡಿಯ ಕಡೆಯಿಂದ ಕಪ್ಪಗೆ ಏರಿಬಂತು. ಕಣದ ತುಂಬ ತೊಳೆದ ಪಾರ್ಚ್‌ಮೆಂಟ್ ಕಾಫಿ ಹರಡಿತ್ತು, ಆಳು ಕಮ್ಮಿ, ಎಸ್ಟೇಟಿನ ಸಾಹುಕಾರರು ಬಂಗಲೆಯಲ್ಲೇ ಇದ್ದರು. ಸೀಟಿ ಊದಿದೆ. ಹನಿ ಬೀಳತೊಡಗಿತು. ತೋಟದ ಅಂಚಿಗೆ ಓಡಿಹೋಗಿ ಕೂಗಿದೆ. ಏನು ಕೂಗಿದೆನೆಂಬುದನ್ನು ಕೊನೆಗೆ ಹೇಳುತ್ತೇನೆ, ಈಗಲೇ ಹೇಳಲು ಕೈ ಬರುತ್ತಿಲ್ಲ. ಏಣಿ ಹಿಡಿದಿದ್ದ ಅವಳು ಕಣಕ್ಕೆ ಓಡಿಬಂದಳು. ಹಿಂದೆಯೇ ಏಣಿ ಜಾರಿದ ಸದ್ದು. ಅವನ ಗಲ್ಲ ಕಲ್ಲಿಗೆ ಬಡಿದಿತ್ತು.

ಹತ್ತಿರದ ಕ್ಲಿನಿಕ್ಕಿನ ಡಾಕ್ಟರು ಮುಟ್ಟಿ ನೋಡಿ, "ದವಡೆ ಮುರಿದಿದೆ. ಇವತ್ತೇ ಮಂಗಳೂರಿನ ಹಲ್ಲಿನ ಆಸ್ಪತ್ರೆಗೆ ಕರ್ಕೊಂಡು ಹೋಗಿ" ಎಂದರು. ಕೊಟ್ಟಿಗೆಹಾರದ ಕೂಡುರಸ್ತೆಯಲ್ಲಿ ಡ್ರೈವರ್ ಜೀಪು ನಿಲ್ಲಿಸಿದ. "ಎಂತ ರೈಟ್ರೇ, ಘಾಟಿ ಇಳಿಯೂದಾ?"

"ಮೂಳೆ ಮುರಿದದ್ದಕ್ಕೆ ಹಲ್ಲಿನ ಡಾಕ್ಟ್ರು ಎಂತ ಮಾಡ್ತಾರೆ? ಚಿಕ್ಕಮಗಳೂರಿಗೆ ತಿರುಗಿಸು, ಮೂಳೆ ಡಾಕ್ಟ್ರಿದ್ದಾರೆ" ಎಂದೆ.

ಹಿಂದಿನಿಂದ ಅವಳು ಮೆಲ್ಲಗೆ, "ರೈಟ್ರೇ... ಡಾಕ್ಟ್ರು ಹಲ್ಲಿನ ಆಸ್ಪತ್ರೆ ಅಂದ್ರಲ್ಲ?" ಎಂದಳು.

"ನಿಂಗೆ ಗೊತ್ತಾಗುದಿಲ್ಲ, ಸುಮ್ನೆ ಕೂತ್ಕೋ."

ಅದು ಬರೀ ತಿಳಿಗೇಡಿತನವೋ, ಕತ್ತಲಾಗುವುದರೊಳಗೆ ಕಣಕ್ಕೆ ಹಿಂತಿರುಗುವ ಆತುರವೋ, ದೊಡ್ಡ ಆಸ್ಪತ್ರೆಯಲ್ಲಿ ಹೇಗೆ ಬಿದ್ದನೆಂದು ಕೇಳಿಯಾರೆಂಬ ಹೆದರಿಕೆಯೋ... ಇವತ್ತಿಗೂ ನನಗೆ ಬಗೆಹರಿದಿಲ್ಲ. ಮೂಳೆ ಡಾಕ್ಟರು ಇದು ತಮ್ಮದಲ್ಲ ಎಂದು ಕಿವಿ ಡಾಕ್ಟರಲ್ಲಿಗೆ ಕಳಿಸಿದರು. ಅವರು, "ಮಂಗಳೂರಿಗೇ ಹೋಗಬೇಕಿತ್ತಲ್ಲ" ಎಂದರು. ಹೊತ್ತು ಮುಳುಗಿತ್ತು. ನಾಳೆ ಹೋಗೋಣ ಎಂದು ವಾಪಸು ಕರೆತಂದೆ. ಮರುದಿನ ಮತ್ತೆ ಮೋಡ, ಮತ್ತೆ ಕಣ. ಬಾವು ಇಳಿಯುತ್ತಿದೆಯಲ್ಲ ಎಂದು ನಾನೇ ಸಮಾಧಾನ ಹೇಳಿದೆ. ಆ ನಾಳೆ ಬರಲೇ ಇಲ್ಲ.

ದವಡೆ ಸೊಟ್ಟಗೆ ಕೂಡಿಕೊಂಡಿತು. ಮೇಲಿನ ಹಲ್ಲಿಗೆ ಕೆಳಗಿನದು ತಾಗುತ್ತಿರಲಿಲ್ಲ. ಅವನು ಗಂಜಿಯ ಮೇಲೇ ಉಳಿದ. ತಮಾಷೆ ಮಾಡುವುದನ್ನು ಮಾತ್ರ ಬಿಡಲಿಲ್ಲ, ಆದರೆ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ಅವಳು ಪಕ್ಕದಲ್ಲಿ ನಿಂತು ಅವನ ಮಾತನ್ನು ಇನ್ನೊಮ್ಮೆ ಹೇಳುವಳು. ಆಮೇಲೆ ಜನ ನಗುವರು. ತನ್ನನ್ನೇ ಗೇಲಿ ಮಾಡಿದ ಮಾತನ್ನೂ ಹಾಗೆಯೇ ಹೇಳುವಳು.

ಅವನು ಬಿದ್ದ ವಾರವೇ ಸಾಹುಕಾರರು ಎಲ್ಲರೆದುರು ಕೇಳಿದ್ದರು. "ಏಣಿ ಯಾಕಮ್ಮ ಬಿಟ್ಟೆ?"

"ರೈಟ್ರು ಕರೆದ್ರು ಒಡೆಯಾ."

ಅವರು ನನ್ನತ್ತ ತಿರುಗಿದರು. "ಸೀಟಿ ಊದಿದೆ ಸಾರ್, ಅಷ್ಟೇ" ಎಂದೆ.

ಅವಳು ನನ್ನ ಮುಖವನ್ನೊಮ್ಮೆ ನೋಡಿದಳು. ಸಿಟ್ಟಿನಿಂದಲ್ಲ. ತಾನೇ ತಪ್ಪು ಕೇಳಿಸಿಕೊಂಡೆನೋ ಎಂಬಂತೆ. ಅದೇ ನನ್ನನ್ನು ಈಗಲೂ ಸುಡುವುದು. ಆಮೇಲೆ ಅವಳು ಆ ಮಾತೆತ್ತಲಿಲ್ಲ. ನಲ್ಲಿಯ ಹತ್ತಿರ ಹೆಂಗಸರು, "ಗಂಡನ್ನ ಬಿಟ್ಟೋರನ್ನ ನೋಡಿದ್ದೆವು, ಗಂಡನ ಏಣಿ ಬಿಟ್ಟೋಳನ್ನ ಇವಳನ್ನೇ ನೋಡಿದ್ದು" ಎಂದು ಕುಟುಕುತ್ತಿದ್ದರು. ಅವಳು ತಲೆ ತಗ್ಗಿಸಿ ಕೊಡ ತುಂಬಿಸಿಕೊಂಡು ಹೋಗುತ್ತಿದ್ದಳು. ಮುಂದೆ ಇಬ್ಬರೂ ಕಳಸದ ಕಡೆ ಹೊರಟುಹೋದರು.

ಈ ಸಲ ನಾನು ಘಾಟಿ ಇಳಿದೆ. ಮಂಗಳೂರಿನಲ್ಲಿ ದವಡೆಯ ಡಾಕ್ಟರು ಗಂಟು ತೆಗೆದರು. ಮಾತಾಡಲು ಬಂದ ದಿನ ಅವರನ್ನು ಕೇಳಿದೆ: "ಬಿದ್ದು ದವಡೆ ಮುರಿದವನನ್ನ ಅವತ್ತೇ ತಂದಿದ್ರೆ?"

"ಹಲ್ಲಿಗೆ ಹಲ್ಲು ಕೂಡಿಸಿ ತಂತಿ ಕಟ್ತಿದ್ವಿ. ಮೊದಲಿನ ಹಾಗೇ ಆಗ್ತಿತ್ತು. ಯಾಕಜ್ಜ?"



ಗಾಯ ಮಾಗಿದ ಮೇಲೆ ಕಳಸದ ಬಸ್ಸು ಹತ್ತಿದೆ. ಕೇಳಿ ಕೇಳಿ ಮನೆ ಹುಡುಕಿದೆ. ಅವರ ಮಗಳು ಬಾಗಿಲಿಗೆ ಬಂದಳು. ಅಪ್ಪ ಹೋಗಿ ಬಹಳ ಕಾಲವಾಯಿತಂತೆ, ಅಮ್ಮ ತೀರಿಕೊಂಡದ್ದು ಕಳೆದ ಮಳೆಗಾಲದಲ್ಲಿ. "ಅಪ್ಪನ ಏಣಿ ಬಿಟ್ಟೆ ಅಂತ ಕಡೇವರೆಗೂ ಕೊರಗಿದ್ರು. ಕರೆದ ಹಾಗೆ ಕೇಳಿತ್ತು, ನನ್ನ ಕಿವಿಯೇ ಸರಿಯಿರಲಿಲ್ಲವೇನೋ ಅಂತಿದ್ರು" ಎಂದಳು. ಕಾಫಿ ಕೊಟ್ಟಳು. ಲೋಟ ಹಿಡಿದುಕೊಂಡು ಕೂತೆ. ಅಲ್ಲಿಯೂ ನಿಜ ಹೇಳಲು ನನಗೆ ಬಾಯಿ ಬರಲಿಲ್ಲ. ದವಡೆ ನೋವೆಂದು ಹೇಳಿ ಎದ್ದುಬಂದೆ.

ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಆ ಮಗಳು ಓದಲಿ. ನಿನ್ನ ಅಮ್ಮನ ಕಿವಿ ಸರಿಯಾಗಿತ್ತು, ತಾಯಿ. ಸೀಟಿಗೆ ಅವಳು ಕದಲಿರಲಿಲ್ಲ. ತೋಟದ ಅಂಚಿನಲ್ಲಿ ನಿಂತು, ಹೆಸರು ಹಿಡಿದೇ ನಾನು ಕೂಗಿದ್ದೆ: ಏಣಿ ಬಿಟ್ಟು ಬಾ, ಗುಲಾಬೀ...