ಒಂದನೇ ಹಂತದ ಪ್ರತಿನಿಧಿ

ಮೂವತ್ತು ವರ್ಷ ತರಕಾರಿ ಮಂಡಿಯಲ್ಲಿ ಹರಾಜು ಕೂಗಿದ ಮನುಷ್ಯನಿಗೆ ಐವತ್ತೆರಡನೇ ವಯಸ್ಸಿನಲ್ಲಿ ಬಾಯಿಗೆ ಬೀಗ ಬಿದ್ದರೆ ಹೇಗಿರುತ್ತದೆ? ಮೂರ್ಸಾರಿಗೆ ಆದದ್ದು ಅದೇ. ಹರಾಜಿನ ಕೊನೆಗೆ ‘ಒಂದು ಸಾರಿ, ಎರಡು ಸಾರಿ, ಮೂರು ಸಾರಿ’ ಎಂದು ಕೂಗಿ ಕೂಗಿ ಅಂಟಿಕೊಂಡ ಅಡ್ಡಹೆಸರು ಅದು. ಅಪ್ಪ ಅಮ್ಮ ಇಟ್ಟ ಹೆಸರು ಸರ್ಕಾರಿ ಕಾಗದಗಳಲ್ಲಿ ಬೆಚ್ಚಗಿದೆ, ಅದನ್ನು ಹಿಡಿದು ಕರೆಯುವವರು ಯಾರೂ ಉಳಿದಿಲ್ಲ. ಹೆಂಡತಿ ನರ್ಸು. ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತೆಂದು ಅವಳು ಈ ದೇಶಕ್ಕೆ ಮೊದಲು ಬಂದಳು. ಎರಡು ವರ್ಷ ಒಬ್ಬಳೇ ಇದ್ದು, ಎರಡು ಕೋಣೆಯ ಮನೆ ಹಿಡಿದು, ಆಮೇಲೆ ಗಂಡನನ್ನು ಕರೆಸಿಕೊಂಡಳು.

ಇಲ್ಲಿ ಮಾತೆಲ್ಲ ಇಂಗ್ಲಿಷಿನಲ್ಲಿ. ಮೂರ್ಸಾರಿಗೆ ಅಂಕಿಗಳನ್ನು ಬಿಟ್ಟರೆ ಆ ಭಾಷೆಯಲ್ಲಿ ಬರುತ್ತಿದ್ದುದು ಸೊನ್ನೆ. ಹಾಗಾಗಿ ಸಗಟು ಮಾರುಕಟ್ಟೆಯಲ್ಲಿ ಬೆಳಗಿನ ಜಾವದಿಂದ ಲಾರಿಯ ಕ್ರೇಟು ಇಳಿಸುವ ಕೆಲಸಕ್ಕೆ ಸೇರಿಕೊಂಡ. ಅದೇ ಟೊಮೆಟೊ, ಅದೇ ಈರುಳ್ಳಿ, ಕೂಗು ಮಾತ್ರ ಬೇರೆಯವರದು. ಬೇರೆ ಯಾರೋ ನಿಂತು ಹರಾಜು ಕೂಗುವಾಗ ಇವನು ಬೆನ್ನು ಬಗ್ಗಿಸಿಕೊಂಡು ಹಾದುಹೋಗುತ್ತಿದ್ದ. ಆ ಸಂಕಟ ಅವನೊಬ್ಬನಿಗೇ ಗೊತ್ತು.

ಮಾರುಕಟ್ಟೆಯ ಮೇಲ್ವಿಚಾರಕ ಒಳ್ಳೆಯವನು. ಇವನು ಕ್ರೇಟನ್ನು ಎತ್ತಿದ ಕೂಡಲೇ ತೂಕ ಹೇಳುವುದನ್ನು ನಾಲ್ಕಾರು ಸಲ ಕಂಡಿದ್ದ. ಇಂಗ್ಲಿಷ್ ಶಾಲೆಯಿಂದ ಎರಡನೇ ಹಂತಕ್ಕೆ ತೇರ್ಗಡೆಯಾದ ಚೀಟಿ ತಂದರೆ ತೂಕದ ಗುಮಾಸ್ತನ ಕುರ್ಚಿ ಕೊಡುತ್ತೇನೆ ಎಂದು ಮಾತು ಕೊಟ್ಟ. ಅವತ್ತೇ ಗಂಡ ಹೆಂಡತಿ ಕೂತು ಲೆಕ್ಕ ಹಾಕಿದರು. ಗುಮಾಸ್ತಿಕೆ ಸಿಕ್ಕಿದ ದಿನ ಅವಳು ಭಾನುವಾರದ ಹೆಚ್ಚುವರಿ ಪಾಳಿ ಬಿಡುವುದು. ವಾರದ ಆರು ದಿನ ವಾರ್ಡಿನಲ್ಲಿ ನಿಂತು, ಏಳನೆಯದೂ ನಿಂತು, ಅವಳ ಕಾಲು ಸಂಜೆ ಹೊತ್ತಿಗೆ ಚಪ್ಪಲಿಗೆ ಹಿಡಿಸುತ್ತಿರಲಿಲ್ಲ.

ಹೀಗೆ ಮೂರ್ಸಾರಿ ಶಾಲೆಗೆ ಸೇರಿದ. ದೇಶ ದೇಶಗಳಿಂದ ಬಂದವರಿಗೆ ಇಂಗ್ಲಿಷ್ ಕಲಿಸುವ ಶಾಲೆ. ಒಂದರಿಂದ ಆರರ ತನಕ ಹಂತಗಳು. ಮಧ್ಯಾಹ್ನ ಎರಡಕ್ಕೆ ಒಂದನೇ ಹಂತ. ಅವನೂ ಸೇರಿ ಹನ್ನೆರಡು ಜನ: ಹೋಟೆಲ್ ಕೋಣೆ ಗುಡಿಸುವ ಮೂವರು ಹೆಂಗಸರು, ಬೇಕರಿಯ ಗಂಡ ಹೆಂಡತಿ, ಗೋಡೆಗೆ ಬಣ್ಣ ಬಳಿಯುವವನು, ಮೀನು ಕತ್ತರಿಸುವವಳು, ಹೀಗೆ. ಎಲ್ಲರೂ ಬೆಳಗ್ಗೆ ದುಡಿಯುವವರು, ಮಧ್ಯಾಹ್ನ ಬೆಂಚಿನ ಮೇಲೆ ತೂಕಡಿಸುವವರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಆದರೂ ತಮಾಷೆ ಮಾಡುತ್ತಿದ್ದರು, ಅದು ಹೇಗೆ ಅಂತ ನನ್ನನ್ನು ಕೇಳಬೇಡಿ.

ವಿದ್ಯಾರ್ಥಿ ಪರಿಷತ್ತಿಗೆ ಹಂತಕ್ಕೊಬ್ಬ ಪ್ರತಿನಿಧಿ ಬೇಕೆಂದು ಟೀಚರು ಕೈ ಬಾಯಿ ಆಡಿಸಿ ವಿವರಿಸಿದಾಗ ಹನ್ನೆರಡು ಜನವೂ ಕಣ್ಣು ಕಣ್ಣು ಬಿಟ್ಟರು. ಯಾರೋ ಒಬ್ಬರು ಹೋಗಿ ನಮ್ಮ ಪರವಾಗಿ ಮಾತಾಡಬೇಕು ಎನ್ನುವಷ್ಟು ಕೊನೆಗೆ ಅರ್ಥವಾಯಿತು. ಹಾಜರಿ ಕೂಗಿದಾಗ ಮೂರ್ಸಾರಿ ಕೊಡುತ್ತಿದ್ದ ‘ಯೆಸ್ ಟೀಚರ್’ಗೆ ಕಿಟಕಿಯ ಗಾಜು ನಡುಗುತ್ತಿತ್ತು. ಹನ್ನೊಂದು ಬೆರಳು ಅವನ ಕಡೆ ತಿರುಗಿದವು. ಏನು ಮಾತಾಡುತ್ತಾನೋ ಬಿಡುತ್ತಾನೋ, ಕೇಳಿಸುವುದಂತೂ ಖಂಡಿತ.

ಮೊದಲ ಸಭೆಯ ಕತೆ ಕೇಳಿ. ತಿಂಗಳ ಕೊನೆಯ ಗುರುವಾರ, ಊಟದ ಬಿಡುವು, ಒಂದು ಉದ್ದನೆಯ ಮೇಜು. ಇಂಗ್ಲಿಷ್ ಬಿಟ್ಟು ಬೇರೆ ಮಾತಾಡುವ ಹಾಗಿಲ್ಲ. ಅಧ್ಯಕ್ಷೆ ಆರನೇ ಹಂತದವಳು, ಹಲ್ಲಿನ ಡಾಕ್ಟರಿಕೆ ಓದಲು ಬಂದವಳು, ಚೂಟಿ ಹುಡುಗಿ. ಮೇಜಿನ ಆ ತುದಿಗೆ ಶಾಲೆಯ ಪರವಾಗಿ ವೇಳಾಪಟ್ಟಿಯ ಮೇಷ್ಟ್ರು. ಪಾಠ ಕೇಳಿಸುವ ಸ್ಪೀಕರಿನ ಸದ್ದು ಹಿಂದಿನ ಬೆಂಚಿಗೆ ಮುಟ್ಟುವುದಿಲ್ಲ ಎಂದು ಹೇಳಲು ಮೂರ್ಸಾರಿ ಎದ್ದು ನಿಂತ.

“ಸ್ಪೀಕರ್... ಸಣ್ಣ. ಹಿಂದೆ... ಕೇಳಲ್ಲ. ನಾವು... ಪಾಠ...” ಎಂದು ತಡವರಿಸಿದ.

ಅಧ್ಯಕ್ಷೆಗೆ ಅಯ್ಯೋ ಅನ್ನಿಸಿತು. “ಅವರು ಹೇಳ್ತಿರೋದು ಏನಂದ್ರೆ, ಒಂದನೇ ಹಂತದವರಿಗೆ ಪಾಠ ಕಷ್ಟ ಆಗ್ತಿದೆ” ಎಂದು ಪ್ರೀತಿಯಿಂದಲೇ ಪೂರ್ತಿ ಮಾಡಿದಳು. ಮೇಷ್ಟ್ರು ಬರೆದುಕೊಂಡರು. ಮುಂದಿನ ವಾರ ಒಂದನೇ ಹಂತಕ್ಕೆ ಮನೆಗೆಲಸ ಎರಡರಷ್ಟಾಯಿತು. ಹನ್ನೊಂದು ಜನ ತಮ್ಮ ಪ್ರತಿನಿಧಿಯನ್ನು ಕಣ್ಣಲ್ಲೇ ಸುಟ್ಟರು.

ತಪ್ಪು ಅವಳದೂ ಅಲ್ಲ, ಇವನದೂ ಅಲ್ಲ. ಶಾಲೆಯ ಪದ್ಧತಿಯೇ ಹಾಗಿತ್ತು. ಒಂದನೇ ಹಂತದಲ್ಲಿ ಯಾರಿಗೆ ನಾಲ್ಕು ಮಾತು ಕೂಡಿಬರುತ್ತದೋ ಅವರು ಪರೀಕ್ಷೆ ಪಾಸಾಗಿ ಮರುದಿನವೇ ಎರಡನೇ ಹಂತಕ್ಕೆ ಹೋಗುತ್ತಾರೆ, ಹೋದ ಕೂಡಲೇ ಪರಿಷತ್ತಿನ ಕುರ್ಚಿಯೂ ಹೋಗುತ್ತದೆ. ಅಲ್ಲಿಗೆ ಒಂದನೇ ಹಂತದ ಪರವಾಗಿ ಮಾತಾಡಲು ಯಾವತ್ತೂ ಉಳಿಯುವವನು ಮಾತು ಬಾರದವನೇ. ಈ ಏರ್ಪಾಡು ಯಾವ ಮಹಾನುಭಾವನ ತಲೆಯಿಂದ ಬಂತೋ, ಅವನಂತೂ ಒಂದನೇ ಹಂತದಲ್ಲಿ ಕೂತವನಲ್ಲ.

ಸೂಚನಾ ಫಲಕದಲ್ಲಿ ಆ ಕಾಗದ ಬಿದ್ದದ್ದು ಎರಡನೇ ತಿಂಗಳಲ್ಲಿ. ಹಾಜರಾತಿ ಅರ್ಧಕ್ಕರ್ಧ ಇರುವುದರಿಂದ ಒಂದನೇ ಹಂತದ ಮಧ್ಯಾಹ್ನದ ತರಗತಿಯನ್ನು ಮುಂದಿನ ಅವಧಿಯಿಂದ ನಿಲ್ಲಿಸಿ ಬೆಳಗಿನದಕ್ಕೆ ಸೇರಿಸುವುದು. ಪರಿಷತ್ತಿನ ಅಭಿಪ್ರಾಯವನ್ನು ಬರುವ ಸಭೆಯಲ್ಲಿ ಕೇಳಲಾಗುವುದು. ಟೀಚರು ಓದಿ ಹೇಳಿದಾಗ ಕೋಣೆ ಗುಡಿಸುವ ಹಿರಿಯ ಹೆಂಗಸು ಮೇಜಿನ ಮೇಲಿದ್ದ ಪುಸ್ತಕವನ್ನು ಮೆಲ್ಲಗೆ ಮುಚ್ಚಿ ಚೀಲಕ್ಕೆ ಹಾಕಿಕೊಂಡಳು. ಬೆಳಗ್ಗೆ ತರಗತಿ ಎಂದರೆ ಅವಳ ಮಟ್ಟಿಗೆ ತರಗತಿ ಇಲ್ಲ ಎಂದೇ ಅರ್ಥ. ಉಳಿದವರದೂ ಅದೇ ಪಾಡು.

ಅವತ್ತಿನಿಂದ ಮೂರ್ಸಾರಿ ಹನ್ನೊಂದು ಜನರ ಹಿಂದೆ ಬಿದ್ದ. ಬಸ್ ನಿಲ್ದಾಣದಲ್ಲಿ, ಮೆಟ್ಟಿಲ ಮೇಲೆ, ಒಬ್ಬೊಬ್ಬರನ್ನೇ ನಿಲ್ಲಿಸಿ ಎಷ್ಟು ದಿನ ಗೈರು, ಯಾಕೆ ಗೈರು ಎಂದು ಬೆರಳಲ್ಲಿ, ಚಿತ್ರದಲ್ಲಿ, ಗಡಿಯಾರದ ಮುಳ್ಳು ತೋರಿಸಿ ಕೇಳಿದ. ಮಂಡಿಯಲ್ಲಿ ಯಾರ ಮೂಟೆ ಯಾವ ಮೂಲೆಯಲ್ಲಿದೆ ಎಂದು ತಲೆಯಲ್ಲೇ ಇಟ್ಟುಕೊಂಡವನಿಗೆ ಇದು ದೊಡ್ಡ ಕೆಲಸವಲ್ಲ. ಕೇಳುತ್ತಾ ಕೇಳುತ್ತಾ ಗುಟ್ಟು ಹೊರಬಿತ್ತು. ಶಾಲೆಯ ಗೇಟು ಎರಡು ಗಂಟೆ ಹತ್ತು ನಿಮಿಷಕ್ಕೆ ಮುಚ್ಚುತ್ತದೆ. ಕೆಲಸ ಜಾಸ್ತಿ ಇದ್ದ ದಿನ ಹೋಟೆಲಿನಲ್ಲಿ ಬಿಡುವುದೇ ಎರಡಕ್ಕೆ, ಬೇಕರಿಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಇವರು ಓಡಿ ಬಂದು ಮುಚ್ಚಿದ ಗೇಟು ನೋಡಿ ವಾಪಸ್ ಹೋಗುತ್ತಿದ್ದರು, ಅದು ಗೈರುಹಾಜರಿ ಎಂದು ದಾಖಲಾಗುತ್ತಿತ್ತು.

ಈ ನಡುವೆ ಮನೆಯಲ್ಲಿ ಹೆಂಡತಿ ಅವನನ್ನು ಪರೀಕ್ಷೆಗೆ ತಯಾರು ಮಾಡುತ್ತಿದ್ದಳು. ಪಾಳಿ ಮುಗಿಸಿ ಬಂದು, ಅನ್ನಕ್ಕಿಟ್ಟು, ಪ್ರಶ್ನೆ ಕೇಳುತ್ತಿದ್ದಳು. ಕೊನೆಯ ಪುಟದಲ್ಲಿ ‘ನಿಮ್ಮ ಹಿಂದಿನ ಕೆಲಸ’ ಎಂಬ ವಿಷಯ ಬರುತ್ತದೆಂದು ಯಾರಿಂದಲೋ ತಿಳಿದು, ಹರಾಜಿನ ಬಗ್ಗೆ ಹತ್ತು ವಾಕ್ಯವನ್ನು ಮೂರು ಸಲ ಬರೆಸಿದ್ದಳು.

ಪರೀಕ್ಷೆ ಮಂಗಳವಾರ, ಪರಿಷತ್ತಿನ ಸಭೆ ಗುರುವಾರ. ಪಾಸಾದರೆ ಬುಧವಾರವೇ ಎರಡನೇ ಹಂತ, ಗುರುವಾರ ಒಂದನೇ ಹಂತದ ಕುರ್ಚಿ ಖಾಲಿ. ಇದು ಹೊಳೆದದ್ದು ಸೋಮವಾರ. ಅವನು ಅಧ್ಯಕ್ಷೆಯ ಬಳಿ ಓಡಿದ.

“ನಾನು ಪಾಸ್... ಗುರುವಾರ ಯಾರು ಮಾತು?” ಎಂದು ಕೇಳಿದ.

“ಚಿಂತೆ ಮಾಡ್ಬೇಡಿ, ನಿಮ್ಮ ಪರವಾಗಿ ನಾನೇ ಮಾತಾಡ್ತೀನಿ” ಎಂದಳು ಅವಳು ನಗುತ್ತಾ.

ಮೂರ್ಸಾರಿಗೆ ಹೆದರಿಕೆ ಹುಟ್ಟಿದ್ದೇ ಆಗ.

ಮಂಗಳವಾರ ಅವನು ಮೊದಲ ಮೂರು ಪುಟಗಳನ್ನು ಅಚ್ಚುಕಟ್ಟಾಗಿ ಬರೆದ. ನಾಲ್ಕನೆಯದು ತಿರುವಿದ. ‘ನಿಮ್ಮ ಹಿಂದಿನ ಕೆಲಸದ ಬಗ್ಗೆ ಹತ್ತು ವಾಕ್ಯ ಬರೆಯಿರಿ.’ ಪೆನ್ನು ಹಿಡಿದು ಅರ್ಧ ಗಂಟೆ ಕೂತ. ಒಂದೊಂದು ವಾಕ್ಯವೂ ನಾಲಿಗೆ ತುದಿಯಲ್ಲಿತ್ತು. ಗಂಟೆ ಹೊಡೆದಾಗ ಪುಟವನ್ನು ಬೆಳ್ಳಗೆ ಹಾಗೇ ಬಿಟ್ಟು ಕೊಟ್ಟುಬಂದ.

ಬುಧವಾರ ಟೀಚರು ಅವನನ್ನು ಕರೆದು ಪುಟ ತೋರಿಸಿದರು. “ಇದು ನಿಮಗೆ ಗೊತ್ತಿತ್ತಲ್ಲ?” ಎಂದರು. ಅವನು ಇಲ್ಲವೆಂದು ತಲೆಯಾಡಿಸಿದ. ಟೀಚರು ಪುಟದ ಮೇಲೆ ಅನುತ್ತೀರ್ಣ ಎಂದು ಬರೆದರು.

ಗುರುವಾರದ ಸಭೆಯಲ್ಲಿ ಮೂರ್ಸಾರಿ ಎದ್ದಾಗ ಅಧ್ಯಕ್ಷೆ ಎಂದಿನಂತೆ ಸಹಾಯಕ್ಕೆ ಬಾಯಿ ತೆರೆದಳು. ಅವನು ಅಂಗೈ ಎತ್ತಿದ. “ದಯವಿಟ್ಟು. ನಾನು ನಿಧಾನ. ಆದ್ರೆ ನಾನೇ.” ಹುಡುಗಿ ಕೆಂಪಾಗಿ ಸುಮ್ಮನಾದಳು. ಎರಡು ನಿಮಿಷದ ವಿಷಯವನ್ನು ಅವನು ಹನ್ನೆರಡು ನಿಮಿಷ ಹೇಳಿದ. “ಕೋಣೆ ಕ್ಲೀನ್, ಮೂರು ಜನ. ಕೆಲಸ ಜಾಸ್ತಿ ದಿನ, ಮುಗಿಯೋದು ಎರಡು ಗಂಟೆ. ಬಸ್ಸು ಹದಿನೈದು ನಿಮಿಷ. ಗೇಟು ಎರಡು ಹತ್ತು. ಅವರು ಬಂದ್ರು. ಗೇಟು ಮುಚ್ಚಿತ್ತು. ಗೈರು ಅಲ್ಲ. ಗೇಟು.” ಹೀಗೆ ಹನ್ನೊಂದು ಜನರದೂ, ತಾರೀಕು ಸಮೇತ. ಕ್ರಿಯಾಪದಗಳು ಕೈ ಕೊಟ್ಟವು, ಅಂಕಿಗಳು ಒಂದೂ ಕೈ ಕೊಡಲಿಲ್ಲ. ಮೂರನೇ ಹಂತದ ಪ್ರತಿನಿಧಿ ಊಟದ ಡಬ್ಬಿ ಬಿಚ್ಚಿ ತಿನ್ನುತ್ತಲೇ ಕೇಳಿಸಿಕೊಂಡ, ಆದರೆ ಕೇಳಿಸಿಕೊಂಡ.

ವೇಳಾಪಟ್ಟಿಯ ಮೇಷ್ಟ್ರು ಹಾಜರಿ ಪುಸ್ತಕ ತರಿಸಿ ತಾರೀಕುಗಳನ್ನು ತಾಳೆ ನೋಡಿದರು. “ಎರಡೂವರೆಗೆ ಶುರು ಮಾಡಿದ್ರೆ ಎಲ್ಲರೂ ಬರ್ತಾರಾ?” ಎಂದು ಕೇಳಿದರು.

“ಹತ್ತು ಜನ, ಗ್ಯಾರಂಟಿ. ಬಣ್ಣದವನು ನಂಗೆ ಗೊತ್ತಿಲ್ಲ” ಎಂದ ಮೂರ್ಸಾರಿ.

ಆ ಪ್ರಾಮಾಣಿಕತೆಗೇ ಮೇಷ್ಟ್ರು ನಕ್ಕುಬಿಟ್ಟರು. ಆರು ಕೈ ಎದ್ದವು. ಮಧ್ಯಾಹ್ನದ ತರಗತಿ ಉಳಿಯಿತು, ಎರಡೂವರೆಗೆ. ಅಧ್ಯಕ್ಷೆ ನಿರ್ಣಯ ಬರೆದು, ಅದನ್ನು ಅವನ ಮುಂದೆ ತಂದು ಹಿಡಿದು, “ನಾನು ಸರಿಯಾಗಿ ಬರ್ದಿದ್ದೀನಾ, ನೋಡಿ” ಎಂದಳು. ಅವನು ಅಕ್ಷರ ಅಕ್ಷರ ಓದಿ ಹೂಂ ಅಂದ. ಅವತ್ತು ತರಗತಿಯಲ್ಲಿ ಮೀನು ಕತ್ತರಿಸುವವಳು ಅವನನ್ನು ಎತ್ತಿಬಿಡುವುದೊಂದು ಬಾಕಿ.

ಗೆದ್ದ ಖುಷಿಯಲ್ಲಿ ಮನೆಯಲ್ಲಿ ಅವನು ಪರೀಕ್ಷೆಯ ಸುದ್ದಿ ಎತ್ತಲೇ ಇಲ್ಲ. ಭಾನುವಾರ ಸಂಜೆ ಹೆಂಡತಿ ಪಾಳಿ ಮುಗಿಸಿ ಬಂದು ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಕೂತಿದ್ದಳು. “ರೀ, ಚೀಟಿ ಬಂತಾ?” ಎಂದು ಕೇಳಿದಳು.

“ಇವಳೇ, ಈ ಸಲ ಆಗ್ಲಿಲ್ಲ” ಎಂದ ಅವನು, ಕಿಟಕಿಯ ಕಡೆ ತಿರುಗಿ.

“ಯಾವುದು ಹೋಯ್ತು?”

“ಕೊನೇ ಪುಟ.”

“ಹರಾಜು ಬರ್ಲಿಲ್ವಾ?”

“ಬಂದಿತ್ತು.”

ಅವಳು ನರ್ಸು. ನೋವಿಲ್ಲ ಎನ್ನುವವರ ನೋವು ಎಲ್ಲಿದೆ ಎಂದು ಹುಡುಕುವುದೇ ಅವಳ ದಿನದ ಕೆಲಸ. ನಾಲ್ಕು ಪ್ರಶ್ನೆಯಲ್ಲಿ ಎಲ್ಲವನ್ನೂ ಹೊರಗೆಳೆದಳು: ಗೇಟು, ಸಭೆ, ಖಾಲಿ ಪುಟ. ಅವನು ಹೇಳುತ್ತಾ ಹೇಳುತ್ತಾ ಸ್ವಲ್ಪ ಜಂಬಪಟ್ಟುಕೊಂಡದ್ದೂ ಉಂಟು. ಅವಳು ಕೂಗಾಡಲಿಲ್ಲ.

“ಹನ್ನೊಂದು ಜನರನ್ನ ಒಬ್ಬೊಬ್ಬರನ್ನೇ ನಿಲ್ಲಿಸಿ ಕೇಳಿದ್ರಿ” ಎಂದಳು. “ನನ್ನನ್ನ ಕೇಳಿದ್ರಾ?”

“ಇಲ್ಲ.”

“ಮುಂದಿನ ಪರೀಕ್ಷೆಗೆ ಇನ್ನು ಮೂರು ತಿಂಗಳು. ಹದಿಮೂರು ಭಾನುವಾರ. ಅವು ನನ್ನವು. ನೀವು ಎತ್ತಿ ಕೊಟ್ಟುಬಿಟ್ರಿ.”

“ಕೇಳಿದ್ರೆ ಬೇಡ ಅಂತಿದ್ಯಾ?”

“ಅಂತಿದ್ನೋ ಏನೋ. ಹೂಂ, ಹೋಗಿ ಮಾತಾಡಿ ಬನ್ನಿ ಅಂತಿದ್ನೋ ಏನೋ. ಈಗ ಅದು ನನಗೇ ಗೊತ್ತಾಗೋ ಹಾಗಿಲ್ಲ.”

ಅವಳ ಕಣ್ಣಲ್ಲಿ ನೀರು ಬಂತು. ಅವನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಒಳ್ಳೆಯ ಕೆಲಸ ಮಾಡಿದ್ದೇನೆ ಎಂದು ನಾಲ್ಕು ದಿನ ಎದೆ ಉಬ್ಬಿಸಿಕೊಂಡು ತಿರುಗಿದವನು, ಟವೆಲ್ಲು ತಂದು ಅವಳ ಕಾಲೊರೆಸಿ, ತಪ್ಪಾಯಿತು ಎಂದ. ಅವಳು ಬಕೆಟ್ಟು ಎತ್ತಿಕೊಂಡು ಬಚ್ಚಲಿಗೆ ಹೋದಳು.

ಹೊಸ ಅವಧಿಯ ಮೊದಲ ದಿನ, ಎರಡೂವರೆಗೆ ತರಗತಿ ತುಂಬಿತ್ತು. ಬಣ್ಣ ಬಳಿಯುವವನೂ ಬಂದಿದ್ದ. ಮೂರ್ಸಾರಿ ಅದೇ ಪುಸ್ತಕದ ಅದೇ ಮೊದಲ ಪುಟ ತೆರೆದು ಕೂತ. ಪ್ರತಿನಿಧಿ ಯಾರೆಂದು ಟೀಚರು ಕೇಳಿದರೋ ಇಲ್ಲವೋ ಬೆರಳುಗಳೆಲ್ಲ ಅವನ ಕಡೆ ತಿರುಗಿದವು. ಅವನು ಎದ್ದು, “ನಾಳೆ ಹೇಳ್ತೀನಿ. ಹೆಂಡತಿಯನ್ನ ಕೇಳಬೇಕು” ಎಂದ. ತರಗತಿಗೆ ತರಗತಿಯೇ ಬಿದ್ದು ಬಿದ್ದು ನಕ್ಕಿತು. ಟೀಚರೂ ನಕ್ಕರು.

ಸಂಜೆ ಅವನು ನಿಜವಾಗಿಯೂ ಕೇಳಿದ. ಅವಳು ತರಕಾರಿ ಹೆಚ್ಚುವುದನ್ನು ನಿಲ್ಲಿಸಿ, ಕೂತು, ಬಹಳ ಹೊತ್ತು ಯೋಚನೆ ಮಾಡಿದಳು.

“ಬೇಡ” ಎಂದಳು.

ಅವನು ಇದನ್ನು ನಿರೀಕ್ಷಿಸಿರಲಿಲ್ಲ. ಕೇಳಿದೆನಲ್ಲ, ಆಗಲಿ ಅನ್ನುತ್ತಾಳೆ ಎಂದುಕೊಂಡಿದ್ದ. ವಾದಿಸಲು ಬಾಯಿ ತೆರೆದ. ಸ್ವಂತ ಭಾಷೆಯಲ್ಲಿ ಮಾತಿಗೆ ಅವನನ್ನು ಮೀರಿಸಿದವರು ಯಾರೂ ಇರಲಿಲ್ಲ. ಆಮೇಲೆ ಬಾಯಿ ಮುಚ್ಚಿದ.

“ಆಯ್ತು” ಎಂದ. ಪುಸ್ತಕ ತಂದು ಅವಳ ಎದುರಿಗೆ ಕೂತು, ಪ್ರಶ್ನೆ ಕೇಳು ಎಂದ.